ತಗ್ಗಿಸಿ ಕಟ್ಟಿದ ಮೇಲೆ ದಂಡೆಯ ದಾರಿ ಕೂಡಿಕೊಂಡಿತು

ಶ್ರೀರಂಗಪಟ್ಟಣದ ಗಂಜಾಂನಿಂದ ಸಂಗಮದ ಕಡೆಗೆ ಕಾವೇರಿ ದಂಡೆಯಲ್ಲಿ ಮುಕ್ಕಾಲು ಪಾಲು ದಾರಿ ಮೊದಲಿಂದಲೂ ಇತ್ತು. ಬಂಡಿ ಜಾಡು, ಪಂಪ್‌ಸೆಟ್ಟಿಗೆ ಹೋಗುವ ಕಾಲುದಾರಿ, ತೆಂಗಿನ ತೋಟದ ಬದು ಎಲ್ಲ ಸೇರಿ ಆದದ್ದು. ಆದರೆ ನಾಲ್ಕೈದು ಕಡೆ ಕಡಿದುಹೋಗಿತ್ತು. ಗದ್ದೆಯ ನೀರು ನದಿಗಿಳಿಯುವ ಬಸಿಗಾಲುವೆ ಅಡ್ಡ ಬಂದರೆ ಸೈಕಲ್ಲಿನವರು ಹೆಗಲ ಮೇಲೆ ಸೈಕಲ್ ಹೊತ್ತು ದಾಟಬೇಕು, ಇಲ್ಲ ಊರೊಳಗೆ ಸುತ್ತಿ ಬರಬೇಕು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಸೈಕಲ್ ಬಿಡುವುದಿಲ್ಲ. ಆಮೇಲೆ ಮೈಸೂರಿನ ಸೈಕಲ್ ಹುಡುಗರು ಭಾನುವಾರ ಬೆಳಿಗ್ಗೆ ನಮ್ಮ ದಂಡೆಗೇ ಬರತೊಡಗಿದರು. ಕಡಿದ ಜಾಗಗಳು ಎಲ್ಲರ ಕಣ್ಣಿಗೂ ಬಿದ್ದದ್ದು ಆಗಲೇ.

ಇಂಥ ಒಂದು ಕಡೆ ಮೊದಲು ಹ್ಯೂಮ್ ಪೈಪ್ (ಸಿಮೆಂಟಿನ ದೊಡ್ಡ ಕೊಳವೆ) ಇಟ್ಟು ಮೇಲೆ ಮಣ್ಣು ತುಂಬಿದ್ದರು. ನಮ್ಮ ಕಡೆ ಪೈಪಿಗೆ ಆಯಸ್ಸಿಲ್ಲ. ಕಬ್ಬಿನ ಸೋಗೆ, ತೆಂಗಿನ ಗರಿ, ಅಂತರಗಂಗೆ ಎಲ್ಲ ಬಂದು ಬಾಯಿಗೆ ಕಟ್ಟಿಕೊಳ್ಳುತ್ತವೆ. ದಾರಿ ಸಿಗದ ನೀರು ಪೈಪಿನ ಎರಡೂ ಪಕ್ಕದ ಮಣ್ಣು ಕೊರೆಯುತ್ತದೆ. ಕಡೆಗೆ ಪೈಪು ಗಟ್ಟಿಯಾಗಿ ನಿಂತಿರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಇನ್ನೊಂದು ಕಡೆ ಇಂಟರ್‌ಲಾಕ್ ಟೈಲ್ಸ್ ಹಾಕಿದ್ದರು. ಅಡಿಯ ಮಣ್ಣಿನಲ್ಲಿ ಏಡಿ ಬಿಲ ತೋಡಿ ಟೈಲ್ಸ್ ಕುಸಿಯಿತು, 2019ರ ಆಗಸ್ಟ್ ಪ್ರವಾಹ ಉಳಿದದ್ದನ್ನು ಎತ್ತಿಕೊಂಡು ಹೋಯಿತು. ಅದಕ್ಕೆ ಎರಡು ಲಕ್ಷದ ಮೇಲೆ ಸುರಿದಿದ್ದರಂತೆ.

ನಾನು ಹೇಳಿದ್ದು ಒಂದೇ ಮಾತು: ಎತ್ತರಿಸಬೇಡಿ, ತಗ್ಗಿಸಿ, ನೀರು ಮೇಲೇ ಹಾದುಹೋಗಲಿ. ಕಾಲುವೆಯ ತಳಕ್ಕೆ ಸ್ವಲ್ಪ ಮೇಲೆ ಸೈಜುಗಲ್ಲಿನ (ಅಳತೆಗೆ ಒಡೆದ ಕಲ್ಲಿನ) ಹಾಸು ಹಾಕಿ, ಎರಡೂ ಕಡೆ ಓರೆಯಾಗಿ ಇಳಿಸುವುದು. ಅಂದಾಜು ಪಟ್ಟಿ ಮಾಡಲು ಬಂದಿದ್ದ ಎಂಜಿನಿಯರ್ ನಕ್ಕರು. ಅವರ ಲೆಕ್ಕದಲ್ಲಿ ಸಣ್ಣ ಸೇತುವೆಗೇ ಆರು ಲಕ್ಷದ ಹತ್ತಿರ. ಪಕ್ಕದ ತೋಟದ ಗೌಡರೂ, "ಕೆಆರ್‌ಎಸ್ ಗೇಟ್ ಎತ್ತುದ್ರೆ ನಿನ್ ಕಲ್ಲು ಸಂಗಮದಲ್ಲಿ ಸಿಕ್ತವೆ ಕಣಪ್ಪ" ಅಂದರು.

ಮೊದಲನೆಯ ಕಲ್ಲುಹಾಸಿಗೆ ಎಪ್ಪತ್ತು ಸಾವಿರದ ಆಸುಪಾಸು ಬಿತ್ತು. ಕಲ್ಲು ಏಳೆಂಟು ಟ್ರ್ಯಾಕ್ಟರ್ ಲೋಡು, ಇಬ್ಬರು ಗಾರೆ ಮೇಸ್ತ್ರಿಗಳು ಒಂದು ವಾರದ ಮೇಲೆ ದುಡಿದರು, ಜೆಸಿಬಿ ಅರ್ಧ ದಿನ. ಮುಳ್ಳು ಕಡಿಯುವುದು, ಮಣ್ಣು ಎಳೆಯುವುದು ನರೇಗಾದಲ್ಲಿ ಆಯಿತು. ಆಗ ಕೂಲಿ ದಿನಕ್ಕೆ 349 ರೂಪಾಯಿ. ಆದರೆ ಅದರಲ್ಲಿ ನೂರಕ್ಕೆ ಕೂಲಿಗೆ 60, ಸಾಮಗ್ರಿಗೆ 40 ಅನ್ನುವ ಕಟ್ಟು ಇತ್ತು, ಕಲ್ಲಿನ ಕೆಲಸಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಕಲ್ಲಿನ ದುಡ್ಡು ಹೊರಗಿಂದ ಹೊಂದಿಸಿದೆ. ಅರ್ಧ ಸೈಕಲ್ಲಿನವರು ಕೊಟ್ಟರು, ಅರ್ಧ ಕಬ್ಬಿನವರು.

ಕಬ್ಬಿನವರು ಯಾಕೆ ಕೊಟ್ಟರು ಎಂದು ಎಲ್ಲರೂ ಕೇಳುತ್ತಾರೆ. ನಾನು ಹಾಸನ್ನು ಆರಡಿ ಮಾಡಲಿಲ್ಲ, ಒಂಬತ್ತಡಿ ಮಾಡಿದೆ. ಟ್ರೈಲರ್ ದಾಟುತ್ತದೆ. ಕಟಾವಿನ ಕಾಲದಲ್ಲಿ ಅವರು ಕಬ್ಬು ಹೊತ್ತು ಸುತ್ತುತ್ತಿದ್ದ ದೂರ ಉಳಿಯಿತು. ತಮ್ಮ ಬದುವಿನಲ್ಲಿ ಕಾಲಿಡಬೇಡಿ ಎಂದು ಬೇಲಿ ಹಾಕಿದ್ದವರೇ ಬೇಲಿ ಎರಡು ಮಾರು ಹಿಂದಕ್ಕೆ ಸರಿಸಿದರು. ನಡೆಯುವವರಿಗಾಗಿ ಜಾಗ ಬಿಡಿ ಎಂದು ಕೇಳಿದ್ದರೆ ಒಂದು ಗೇಣೂ ಸಿಗುತ್ತಿರಲಿಲ್ಲ.

2024ರ ಜುಲೈ ಕೊನೆಗೆ ಪರೀಕ್ಷೆ ಬಂತು. ಕೆಆರ್‌ಎಸ್ ಅಣೆಕಟ್ಟೆಯ ನೀರು ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟಿ, ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ಹಾಸು ಆಳೆತ್ತರದ ನೀರಿನಡಿ ಹೋಯಿತು. ನೀರು ಇಳಿದ ಮೇಲೆ ನೋಡಿದರೆ ಒಂದು ಕಲ್ಲೂ ಕದಲಿರಲಿಲ್ಲ, ಮೇಲೆ ಗೇಣುದ್ದ ಹೂಳು ಅಷ್ಟೇ. ನಾಲ್ಕು ಆಳು ಅರ್ಧ ದಿನದಲ್ಲಿ ಎಳೆದು ಹಾಕಿದರು. ಅದೇ ಗೌಡರು ತಮ್ಮ ಇನ್ನೊಂದು ತೋಟದ ಹತ್ತಿರ ಹಾಕಿಕೊಡು ಎಂದು ಕಲ್ಲಿನ ದುಡ್ಡು ತಾವೇ ತಂದುಕೊಟ್ಟರು. ಈ ದಂಡೆಯಲ್ಲಿ ಆ ನೀರಿಗೆ ಜಗ್ಗದೆ ನಿಂತ ಹೊಸ ಕೆಲಸ ನನ್ನದೊಂದೇ, ಹೇಳಿಕೊಳ್ಳುವುದಕ್ಕೆ ಸಂಕೋಚವಿಲ್ಲ.

ಮಾಡುವವರಿಗೆ ಕೆಲವು ಮಾತು. ಓರೆ ಹನ್ನೆರಡು ಅಡಿಗೆ ಒಂದು ಅಡಿಗಿಂತ ಕಡಿದಾದರೆ ವಯಸ್ಸಾದವರು ಸೈಕಲ್ ಇಳಿದು ತಳ್ಳಬೇಕಾಗುತ್ತದೆ. ಕಲ್ಲಿನ ಉದ್ದ ದಾರಿಗೆ ಅಡ್ಡಲಾಗಿ ಇರಬೇಕು. ಉದ್ದಕ್ಕೆ ಜೋಡಿಸಿದರೆ ಸಣ್ಣ ಟೈರು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ದಿನದ ಸಣ್ಣ ಹರಿವಿಗೆ ಅಡಿಯಲ್ಲಿ ಆರಿಂಚಿನ ಪೈಪ್ ಒಂದು ಸಾಕು, ಇಲ್ಲದಿದ್ದರೆ ಪಾಚಿ ಕಟ್ಟಿ ಜಾರುತ್ತದೆ. ಆ ಪೈಪು ಕಟ್ಟಿಕೊಂಡರೂ ಭಯವಿಲ್ಲ, ನೀರು ಮೇಲೆ ಹೋಗುತ್ತದೆ. ಕಲ್ಲಿನ ಮುಖಕ್ಕೆ ಉಳಿ ಹೊಡೆಸಿ. ಕೆಳಹರಿವಿನ ಕಡೆಯ ಕಾಲುಗಲ್ಲು ಹೇಗೆ ಕೂರಿಸುತ್ತೇನೆ, ಸಂದಿಗೆ ಸುಣ್ಣ ಗರಸಿನ ಜೊತೆ ಇನ್ನೇನು ಬೆರೆಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಅದನ್ನು ಬಿಟ್ಟುಬಿಡಿ.

ನಡುವೆ ಆಲೆಮನೆಯ ಬೂದಿಯನ್ನು ಕೆಸರು ದಾರಿಗೆ ಹಾಕಿಯೂ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಿಗಿಯಿತು, ಮೊದಲ ಮಳೆಗೇ ಅಂಟಂಟಾಯಿತು. ಗರಸಿಗೆ ಕಾಲು ಭಾಗ ಸೇರಿಸಿದ ಕಡೆ ಮಾತ್ರ ಈಗಲೂ ಪರವಾಗಿಲ್ಲ. ದಂಡೆಯ ಇಳಿಜಾರಿಗೆ ಲಾವಂಚ ನೆಟ್ಟದ್ದು ಭರ್ತಿ ಫಲ ಕೊಟ್ಟಿದೆ; ದನ ಅಷ್ಟಾಗಿ ಮುಟ್ಟುವುದಿಲ್ಲ, ಬೇರು ಆಳಕ್ಕೆ ಹೋಗುತ್ತದೆ.

ಎರಡು ಕಡೆ ಕಲ್ಲು ಇಡಲೇ ಇಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ, ಮುಂದಿನ 200 ಮೀಟರಿಗೆ ಅನುಮತಿ ಬೇಕು. ಅಲ್ಲಿ ಗುದ್ದಲಿ ಮುಟ್ಟಿಸದೆ ಹಳೆಯ ಬಂಡಿ ದಾರಿಗೇ ಜನರನ್ನು ತಿರುಗಿಸಿದೆ. ಇನ್ನೊಂದು, ಮೊಸಳೆ ಬಿಸಿಲು ಕಾಯುವ ಬಂಡೆಗಳ ಜಾಗ. ಅಲ್ಲಿ ದಾರಿಯನ್ನು ತೋಟದ ಮೇಲಿನ ಬದುವಿಗೆ ಏರಿಸಿದೆ, ಸುತ್ತು ಜಾಸ್ತಿಯಾದರೂ ಸರಿ.

ಈಗ ಉಳಿದಿರುವುದು ಒಂದೇ ಕಡೆ, ಊರಿನ ಚರಂಡಿ ನದಿಗೆ ಬೀಳುವಲ್ಲಿ. ಕೊಳಕು ನೀರು ಕಾಲಿನ ಮೇಲೆ ಹರಿಯಬಾರದು, ಅಲ್ಲಿ ತಗ್ಗಿಸುವುದು ನಡೆಯುವುದಿಲ್ಲ. ಎರಡು ಉದ್ದ ಕಲ್ಲು ಚಪ್ಪಡಿ ಅಡ್ಡ ಹಾಕಿ ದಾಟಿಸುವ ಯೋಚನೆ ಇದೆ. ಚಪ್ಪಡಿ ನೋಡಿಟ್ಟಿದ್ದೇನೆ, ಸಾಗಾಣಿಕೆ ಸೇರಿ ಮೂವತ್ತು ಸಾವಿರ ಆಗಬಹುದು. ಬೇಸಿಗೆಯಲ್ಲಿ ನೀರು ತಗ್ಗಿದ ಕೂಡಲೇ ಕೈ ಹಾಕುತ್ತೇನೆ.