ಗೇರು ಕಸಿ ಗಿಡ ಇಟ್ಟವರು ಬುಡ ನೋಡ್ತಾ ಇರಿ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಗುಡ್ಡೆಯಲ್ಲಿ ಈ ಮಳೆಗೆ ಗೇರು ನೆಡುವವರು ಕಸಿ ಜಾಯಿಂಟ್ (ಎರಡು ಗಿಡ ಕೂಡಿಸಿ ಕಟ್ಟಿದ ಜಾಗ) ಮಣ್ಣಿಂದ ಮೇಲೆಯೇ ಇರೋ ಹಾಗೆ ನೋಡ್ಕೊಳ್ಳಿ, ಅದ್ರ ಕೆಳಗಿಂದ ಚಿಗುರು ಬಂದ್ರೆ ಕೂಡ್ಲೆ ಚಿವುಟಿ, ಇಲ್ಲಾಂದ್ರೆ ಕೆಳಗಿನ ಬೇರಿನ ಕಾಟು (ಕಾಡು) ಗಿಡವೇ ಮೇಲೆ ಬಂದು ಕಸಿ ಸಾಯ್ತದೆ. ಮೊದಲ 2-3 ವರ್ಷ ಹೂ ಬಂದ್ರೂ ಮನಸ್ಸು ಗಟ್ಟಿ ಮಾಡಿ ಕಿತ್ತು ಹಾಕಿ, ಗಿಡ ಬಲ ಆಗ್ಬೇಕಲ್ಲ.

ಎಲ್ಲಕ್ಕಿಂತ ದೊಡ್ಡ ಶತ್ರು ಕಾಂಡ ಕೊರೆಯೋ ಹುಳ, ಬುಡದಲ್ಲಿ ಸಣ್ಣ ತೂತು, ಅಂಟು, ಮರದ ಹುಡಿ ಕಂಡ್ರೆ ನಾಳೆ ನೋಡುವ ಅಂತ ಬಿಡ್ಬೇಡಿ, ತೊಗಟೆ ಕೆತ್ತಿ ಹುಳ ತೆಗೆದು ಕೊಲ್ಲಿ, ಎಲೆ ಹಳದಿ ಆದ ಮೇಲೆ ಮರ ಉಳಿಸೋದು ತುಂಬಾ ಕಷ್ಟ. ಸತ್ತ ಮರವನ್ನಂತೂ ತೋಟದಲ್ಲಿ ಇಡ್ಲೇಬೇಡಿ ದಯವಿಟ್ಟು, ಹುಳ ಅಲ್ಲಿಂದಲೇ ಪಕ್ಕದ ಮರಕ್ಕೆ ಹೋಗೋದು. ತಳಿ ಬಗ್ಗೆ ಡೌಟ್ ಇದ್ರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಕೇಳಿ, ನಮಗೆ ಹತ್ರವೇ.