ಆಷಾಢದ ಲೆಕ್ಕ ನೋಡಿ ಅಂಗಡಿ ಹಿಡಿದೆ

‘ನಿಮ್ಮ ಅಂಗಡಿ ಎಲ್ಲಿದೆ?’ ಫೋನಿನಲ್ಲಿ ಬೆಲ್ಲ ಮಾರುವವನಿಗೆ ಇದಕ್ಕಿಂತ ಮುಜುಗರದ ಪ್ರಶ್ನೆ ಇನ್ನೊಂದಿಲ್ಲ. ಮಂಡ್ಯದ ಆಚೆ ನಮ್ಮೂರಿನಲ್ಲಿ ಆಲೆಮನೆ ಇದೆ, ಅಲ್ಲಿಗೇ ಬನ್ನಿ ಎಂದರೆ ಮೈಸೂರಿನವರು ನಕ್ಕು ಫೋನ್ ಇಡುತ್ತಿದ್ದರು. ಎರಡು ಕಿಲೋ ಬೆಲ್ಲಕ್ಕೆ ಯಾರು ಅಷ್ಟು ದೂರ ಬರುತ್ತಾರೆ?

ನಮ್ಮದು ಹೈಡ್ರೋಸ್, ಅಂದರೆ ಬೆಲ್ಲದ ಬಣ್ಣ ತಿಳಿಯಾಗಿಸುವ ರಾಸಾಯನಿಕ, ಹಾಕದ ಬೆಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಬಿಟ್ಟು ಕಲ್ಮಶ ತೆಗೆಯುತ್ತೇವೆ, ಅಷ್ಟೆ. ಬಣ್ಣ ಕಂದು, ಕೆಲವು ಪಾಕದಲ್ಲಿ ಕಪ್ಪಿಗೆ ಹತ್ತಿರ. ಹೊಂಬಣ್ಣದ ಅಚ್ಚಿಗೆ ಒಗ್ಗಿದ ಕಣ್ಣಿಗೆ ಮೊಬೈಲ್ ಚಿತ್ರದಲ್ಲಿ ಅದು ಇಟ್ಟಿಗೆ ಚೂರಿನಂತೆ ಕಾಣುತ್ತದೆ. ಎಷ್ಟು ವಿವರಿಸಿದರೂ ಸಾಲದು. ಒಂದು ಚೂರು ಬಾಯಿಗೆ ಹಾಕಿದರೆ ಸಾಕು, ಮಾತು ಮುಗಿಯುತ್ತದೆ. ಬೆಲ್ಲವನ್ನು ಕೈಗೆ ಕೊಟ್ಟು ತಿನ್ನಿಸುವ ಒಂದು ಜಾಗ ಬೇಕೆಂದು ನನಗೆ ಅನ್ನಿಸಿದ್ದು ಹೀಗೆ.

ಮೊದಲು ನೋಡಿದ್ದು 2022ರಲ್ಲಿ, ಮಂಡ್ಯದೊಳಗೆ ಹಾದುಹೋಗುವ ಬೆಂಗಳೂರು–ಮೈಸೂರು ರಸ್ತೆಯ ಮೇಲಿನ ಮಳಿಗೆ. ಬಾಡಿಗೆ 14,000, ಮುಂಗಡ ಒಂದೂವರೆ ಲಕ್ಷ. ‘ದಿನಕ್ಕೆ ಎಷ್ಟು ಸಾವಿರ ಕಾರು ಹೋಗುತ್ತವೆ ನೋಡಿ’ ಎಂದರು ಮಾಲೀಕರು. ಹೋಗುತ್ತವೆ, ನಿಜ. ನಿಲ್ಲುತ್ತವೆಯೇ? ಒಂದು ಶನಿವಾರ ಎದುರಿನ ಟೀ ಅಂಗಡಿಯಲ್ಲಿ ಹತ್ತರಿಂದ ಒಂದು ಗಂಟೆಯವರೆಗೆ ಕುಳಿತೆ. ಆ ಸಾಲಿನಲ್ಲಿ ನಿಂತದ್ದು 11 ಕಾರು. ಕೈಯಲ್ಲಿ ಚೀಲ ಹಿಡಿದು ಹೊರಟವರು ಮೂವರು. ಟೀಗೇ ನನ್ನ ಎಂಬತ್ತು ರೂಪಾಯಿ ಹೋಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಬಾಡಿಗೆ, ಒಬ್ಬ ಹುಡುಗನ ಸಂಬಳ 12,000, ವಿದ್ಯುತ್ತು, ಎಲ್ಲ ಸೇರಿ ತಿಂಗಳಿಗೆ 27,000. ಅಂಗಡಿಯಲ್ಲಿ ಕೈಯಾರೆ ಮಾರಿದರೆ ಕಿಲೋಗೆ 30 ರೂಪಾಯಿ ಉಳಿಯುತ್ತದೆ. ಅಂದರೆ ತಿಂಗಳಿಗೆ 900 ಕಿಲೋ, ದಿನಕ್ಕೆ 30 ಕಿಲೋ ಮಾರಿದ ಮೇಲೆಯೇ ನನ್ನ ಮೊದಲ ರೂಪಾಯಿ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಕೇಳಿದ್ದು ಬೇರೆಯೇ: ‘ರಸ್ತೆಯೇ ಊರ ಹೊರಗೆ ಹೋಗುತ್ತಿದೆಯಲ್ಲಪ್ಪ, ನೀನು ಒಳಗೆ ಹೋಗಿ ಏನು ಮಾಡುತ್ತೀಯೆ?’

2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರಕ್ಕೂ ಬೈಪಾಸ್. ಮದ್ದೂರು ವಡೆಯವರು, ಚನ್ನಪಟ್ಟಣದ ಬೊಂಬೆಯವರು ವ್ಯಾಪಾರ ಬಿದ್ದಿತೆಂದು ಹೇಳಿಕೊಂಡದ್ದು ಪತ್ರಿಕೆಗಳಲ್ಲೇ ಬಂತು. ನಾನು ಉಳಿದುಕೊಂಡದ್ದು ಜಾಣತನದಿಂದಲ್ಲ. ಕೈಯಲ್ಲಿ ಒಂದೂವರೆ ಲಕ್ಷ ಇರಲಿಲ್ಲ.

ಆಮೇಲೆ ಮೈಸೂರು. ಫೋನಿನ ಗಿರಾಕಿಗಳಲ್ಲಿ ಹೆಚ್ಚಿನವರು ಸರಸ್ವತಿಪುರಂ, ಕುವೆಂಪುನಗರ, ರಾಮಕೃಷ್ಣನಗರದವರು. ಕೆಲವು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಹತ್ತಿರ ಸ್ಕೂಟರ್ ಮೇಲೆ ಡಬ್ಬ ಇಟ್ಟುಕೊಂಡು ನಿಂತೆ. ವಾಯುವಿಹಾರಕ್ಕೆ ಬಂದವರ ಜೇಬಿನಲ್ಲಿ ದುಡ್ಡಿಲ್ಲ, ಕೈಯಲ್ಲಿ ಚೀಲವಿಲ್ಲ, ಕೇಳಿದ್ದೆಲ್ಲ ಒಂದೇ: ‘ಶುಗರ್ ಇದೆ, ಬೆಲ್ಲವಾದರೆ ತಿನ್ನಬಹುದಲ್ಲವೇ?’ ಬೆಲ್ಲದಿಂದಲೂ ಸಕ್ಕರೆ ಅಂಶ ಏರುತ್ತದೆ ಸ್ವಾಮಿ ಎಂದು ನಿಜ ಹೇಳಿದೆ. ವ್ಯಾಪಾರ ಅಲ್ಲಿಗೆ ಮುಗಿಯಿತು.

ದಾರಿ ತೋರಿಸಿದವರು ಸರಸ್ವತಿಪುರಂನ ಕಾಫಿಪುಡಿ ಅಂಗಡಿಯ ಯಜಮಾನರು. ‘ಬಾಡಿಗೆ ಬೇಡ, ಮಾರಿದ ಕಿಲೋಗೆ ಎಂಟು ರೂಪಾಯಿ ಕೊಡಿ’ ಎಂದು ಒಂದು ಗೂಡು ಬಿಟ್ಟುಕೊಟ್ಟರು. ಕಾಫಿಪುಡಿ ಒಯ್ಯುವವರು ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತಾರೆ, ಪುಡಿ ಬೀಸುವ ತನಕ ಸುಮ್ಮನೆ ನಿಂತಿರುತ್ತಾರೆ. ಆ ಐದು ನಿಮಿಷ ನನಗೆ ಸಿಕ್ಕಿತು. ಮೊದಲ ತಿಂಗಳು 60 ಕಿಲೋ, ಮೂರನೆಯ ತಿಂಗಳು 140.

ತೊಂದರೆಯೂ ಅಲ್ಲೇ ಇತ್ತು. ‘ಏನಪ್ಪ, ನಿನ್ನ ಬೆಲ್ಲದ ಪಾಯಸ ಕಾಫಿ ವಾಸನೆ ಹೊಡೆಯುತ್ತಿದೆ’ ಎಂದು ಒಬ್ಬ ಅಜ್ಜಿ ಪೊಟ್ಟಣವನ್ನು ವಾಪಸ್ ತಂದಿಟ್ಟರು. ಮೂಸಿ ನೋಡಿದೆ, ನಿಜ. ಬಿಗಿ ಮುಚ್ಚಳದ ಡಬ್ಬಗಳಿಗೆ ಬದಲಾಯಿಸಿದೆ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುವುದಕ್ಕೂ ಅದೇ ಮದ್ದಾಯಿತು.

2024ರ ಜನವರಿಯಲ್ಲಿ ತಲೆ ತಿರುಗಿತು. ಸಂಕ್ರಾಂತಿಯ ಎಳ್ಳು–ಬೆಲ್ಲದ ಭರದಲ್ಲಿ ಆ ಒಂದು ಗೂಡಿನಿಂದಲೇ 310 ಕಿಲೋ ಹೋಯಿತು. ಮುಖ್ಯರಸ್ತೆಯಲ್ಲಿ ಮಳಿಗೆ ಹಿಡಿಯಲು ಐದು ಸಾವಿರ ಕೊಟ್ಟೂ ಬಿಟ್ಟೆ. ‘ಬಾಡಿಗೆ ಸಂಕ್ರಾಂತಿಗೊಂದೇ ಕೊಡುತ್ತೀರಾ?’ ಎಂದಳು ಹೆಂಡತಿ. ಐದು ಸಾವಿರ ಹೋದರೆ ಹೋಗಲಿ ಎಂದು ಕೈಬಿಟ್ಟೆ. ಮದುವೆ, ಗೃಹಪ್ರವೇಶ, ದೊಡ್ಡ ಹಬ್ಬ ಒಂದೂ ಇಲ್ಲದ ಆಷಾಢದಲ್ಲಿ ಎಷ್ಟು ಹೋಗುತ್ತದೆ, ಅದು ನನ್ನ ನಿಜವಾದ ವ್ಯಾಪಾರ ಎಂದು ತೀರ್ಮಾನಿಸಿ ಕಾದೆ. ಆ ಆಷಾಢದಲ್ಲಿ ಗೂಡಿನಿಂದ 130 ಕಿಲೋ, ಮೈಸೂರಿನ ಫೋನ್ ಗಿರಾಕಿಗಳಿಂದ 120. ಒಟ್ಟು 250.

ಈಗ ಲೆಕ್ಕವನ್ನು ತಿರುಗಿಸಿ ಹಾಕಿದೆ: 250 ಕಿಲೋ ಎಷ್ಟು ಬಾಡಿಗೆ ಹೊರುತ್ತದೆ? ಕಾಫಿಪುಡಿ ಅಂಗಡಿಯಿಂದ ಎರಡು ಮನೆ ಆಚೆ, ಒಳರಸ್ತೆಯಲ್ಲಿ, ಎಂಟಡಿ ಅಗಲ ಹತ್ತಡಿ ಉದ್ದದ ಒಂದು ಷಟರ್. ಹಿಂದೆ ಇಸ್ತ್ರಿ ಅಂಗಡಿ ಇತ್ತಂತೆ. ಬಾಡಿಗೆ 6,500, ಮುಂಗಡ 65,000. ವಿದ್ಯುತ್ತು ಸೇರಿ 7,200, ಅಂದರೆ 240 ಕಿಲೋ. ಹುಡುಗನನ್ನು ಇಟ್ಟುಕೊಳ್ಳಲಿಲ್ಲ. ಗುರುವಾರದಿಂದ ಭಾನುವಾರದವರೆಗೆ ಸಂಜೆ ನಾಲ್ಕರಿಂದ ಎಂಟೂವರೆ, ಭಾನುವಾರ ಬೆಳಿಗ್ಗೆಯೂ ಉಂಟು. ಉಳಿದ ದಿನ ನಾನು ಆಲೆಮನೆಯಲ್ಲಿರುತ್ತೇನೆ. ಬಾಗಿಲು ಹಾಕಿದ ಅಂಗಡಿ ಅಶುಭ ಎಂದು ಅಕ್ಕಪಕ್ಕದವರು ಹೇಳಿದರು. ಸಂಬಳ ಕೊಡುವವರು ಅವರಲ್ಲ.

ಕಾಗದಪತ್ರದ ವಿಷಯ. ಆಹಾರ ಸುರಕ್ಷತೆಯ ನೋಂದಣಿ ಆಲೆಮನೆಗೆ ಇದ್ದರೆ ಅಂಗಡಿಗೆ ಸಾಲದು. ಜಾಗಕ್ಕೊಂದು ಬೇರೆ ಬೇಕು. ಪಾಲಿಕೆಯ ಉದ್ದಿಮೆ ಪರವಾನಗಿ, ವಾಣಿಜ್ಯ ದರದ ವಿದ್ಯುತ್ ಮೀಟರ್ ಎರಡನ್ನೂ ಮುಂಗಡ ಕೊಡುವ ಮುಂಚೆಯೇ ವಿಚಾರಿಸಿಕೊಂಡೆ. ಕರಾರು 11 ತಿಂಗಳದ್ದು. ವರ್ಷ ದಾಟಿದರೆ ನೋಂದಾಯಿಸಬೇಕಾಗುತ್ತದೆ ಎಂದು ಎಲ್ಲರೂ ಹೀಗೆಯೇ ಬರೆಸುತ್ತಾರೆ. ಮಾಲೀಕರು ಪ್ರತಿ ಸಲ ಶೇಕಡಾ 10 ಏರಿಸುತ್ತೇನೆಂದರು, ಐದಕ್ಕೆ ಇಳಿಸಿದೆ. ಬಿಡುವಾಗ ಸುಣ್ಣಬಣ್ಣಕ್ಕೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತೀರೆಂದು ಬರೆಸಿದ್ದು ನನ್ನ ಮಾವ ಹೇಳಿಕೊಟ್ಟ ಬುದ್ಧಿ.

2024ರ ಶ್ರಾವಣದಲ್ಲಿ ಬಾಗಿಲು ತೆರೆದೆ. ಕಾಫಿಪುಡಿ ಯಜಮಾನರೇ ಬಂದು ಐದು ಕಿಲೋ ಕೊಂಡು ಬೋಣಿಗೆ ಮಾಡಿದರು. ವರಮಹಾಲಕ್ಷ್ಮಿ, ಗೌರಿ, ದಸರಾ ಎಲ್ಲ ಚೆನ್ನಾಗಿಯೇ ನಡೆದವು. ಅವುಗಳ ಲೆಕ್ಕ ನಾನು ಇಟ್ಟಿದ್ದೇನೆ, ಆದರೆ ನೋಡುವುದಿಲ್ಲ. ಕರಾರು ಮುಗಿಯುವ ಹೊತ್ತಿಗೆ ಸರಿಯಾಗಿ ಮತ್ತೆ ಆಷಾಢ ಬಂತು. ಆ ತಿಂಗಳು ಮಾರಿದ್ದು 228 ಕಿಲೋ. ಹನ್ನೆರಡು ಕಿಲೋ ಕಡಿಮೆ ಬಿತ್ತು, 360 ರೂಪಾಯಿ ಕೈಯಿಂದ ಹಾಕಿದೆ. ಮಾಲೀಕರು ಹೊಸ ಛಾಪಾ ಕಾಗದ ಹಿಡಿದು ಬಂದರು. ಒಂದು ಚೂರು ಬೆಲ್ಲ ಕೊಟ್ಟು ಸಹಿ ಹಾಕಿದೆ.