‘ಉರಿಮೂತ್ರ ಐತೇನು?’ ಅಂತ ಕೇಳುವುದನ್ನು ಬಿಟ್ಟ ಮೇಲೆ

ಬಸುರಿಯನ್ನು ‘ಉರಿಮೂತ್ರ ಐತೇನು?’ ಅಂತ ಕೇಳಿದರೆ ‘ಇಲ್ರಿ’ ಅನ್ನುವ ಉತ್ತರವೇ ಬರುತ್ತದೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾಳೆ, ಬಾಗಿಲಲ್ಲಿ ಗಂಡ ನಿಂತಿರುತ್ತಾನೆ. ಹೌದು ಅಂತ ಯಾರು ಹೇಳುತ್ತಾರೆ? ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಈ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಈಗ ಕೇಳುವುದು ಇಷ್ಟೇ: ‘ಮುಂಜಾನಿಂದ ಎಷ್ಟ್ ಸಲ ಒಂದಕ್ಕ ಹೋಗಿದ್ದಿ ತಂಗಿ? ನೀರು ಎಷ್ಟ್ ಕುಡದಿ?’ ಇದಕ್ಕೆ ಯಾರೂ ನಾಚುವುದಿಲ್ಲ.

ಸಕ್ಕರೆ ಕಾರ್ಖಾನೆ ಶುರುವಾದರೆ ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ವಿಜಯಪುರದ ಕಡೆಯವರು, ಮಹಾರಾಷ್ಟ್ರದ ಬೀಡ ಕಡೆಯವರು. ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಏಳು ತಿಂಗಳ ಬಸುರಿಯೂ ಹೊರೆ ಕಟ್ಟುತ್ತಾಳೆ. ಇಂಡಿ ಕಡೆಯ ಒಬ್ಬ ಹುಡುಗಿ ನನ್ನ ಪ್ರಶ್ನೆಗೆ ನಕ್ಕುಬಿಟ್ಟಳು. ‘ಸುತ್ತ ಗಂಡಸ್ರು ಇರ್ತಾರ್ರಿ ಸಿಸ್ಟರ್. ಕತ್ಲಾಗೂತನಕ ತಡಕೊಂಡಿರ್ತೀವಿ. ಅದಕ್ಕ ನೀರೂ ಕುಡಿಯಂಗಿಲ್ಲ’ ಅಂದಳು. ಉರಿ ಇಲ್ಲ, ಜ್ವರ ಇಲ್ಲ. ಅವಳ ಪ್ರಕಾರ ಅವಳಿಗೆ ಏನೂ ಆಗಿರಲಿಲ್ಲ.

ಕಷ್ಟ ಇರುವುದೇ ಅಲ್ಲಿ. 100 ಬಸುರಿಯರಲ್ಲಿ 2ರಿಂದ 10 ಮಂದಿಯ ಮೂತ್ರದಲ್ಲಿ ಯಾವ ತೊಂದರೆಯೂ ಕಾಣದೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬಸಿರಲ್ಲಿ ಮೂತ್ರನಾಳ ಸಡಿಲವಾಗಿ ಮೂತ್ರ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಸೋಂಕು ಕಿಡ್ನಿಗೆ ಏರುವುದು ಸುಲಭ. ಏರಿದರೆ ಚಳಿಜ್ವರ, ಸೊಂಟನೋವು, ಕೆಲವೊಮ್ಮೆ ದಿನ ತುಂಬುವ ಮೊದಲೇ ಹೆರಿಗೆ. ದಿನ ತುಂಬದೆ, ತೂಕ ಇಲ್ಲದೆ ಹುಟ್ಟಿದ ಕೂಸಿಗೆ ಚಿಕ್ಕ ನಂಜನ್ನೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಕೂಸಿನ ಕಾಯಿಲೆಯನ್ನು ಹುಟ್ಟಿದ ಮೇಲೆ ಹುಡುಕುವುದಕ್ಕಿಂತ ತಾಯಿಯ ಮೂತ್ರದಲ್ಲಿ ಹುಡುಕುವುದು ಅಗ್ಗ, ಅಲ್ವಾ?

ನಮ್ಮಲ್ಲಿ ಇದ್ದದ್ದು ಎರಡು ಬಣ್ಣದ ಪಟ್ಟಿ. ಅದು ಸಕ್ಕರೆ ಮತ್ತು ಅಲ್ಬುಮಿನ್ ಮಾತ್ರ ತೋರಿಸುತ್ತದೆ, ಸೋಂಕನ್ನಲ್ಲ. ಡಾಕ್ಟರ್ ಹತ್ತಿರ ಮಾತಾಡಿ, ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ನೈಟ್ರೈಟ್, ಬಿಳಿರಕ್ತಕಣ ಎರಡನ್ನೂ ತೋರಿಸುವ ಪಟ್ಟಿ ತರಿಸಿದೆವು. ಇದಕ್ಕೆ ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು. ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡಲು ಮೂತ್ರವು ಮೂತ್ರಕೋಶದೊಳಗೆ ನಾಲ್ಕು ತಾಸಾದರೂ ನಿಂತಿರಬೇಕು. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ ಅಂತ ಹೇಳಿ ಬಾಟಲಿ ನಾವೇ ಕೊಡುತ್ತೇವೆ. ಇಲ್ಲದಿದ್ದರೆ ಕೆಮ್ಮಿನ ಔಷಧಿಯ ಹಳೆ ಬಾಟಲಿಯಲ್ಲಿ ಬರುತ್ತದೆ, ತಳದಲ್ಲಿ ಕೆಂಪು ಅಂಟು ಸಮೇತ. ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿ ತಾಗಿ ಸೋಂಕು ಇಲ್ಲದಿದ್ದರೂ ನೈಟ್ರೈಟ್ ಚೌಕ ತಾನೇ ಗುಲಾಬಿಯಾಗುತ್ತದೆ. ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಮುಚ್ಚಳ ಮುಚ್ಚುವುದನ್ನೇ. ಇನ್ನೊಂದು ಮಾತು: ಪಟ್ಟಿ ಏನೂ ತೋರಿಸದಿದ್ದರೆ ಸೋಂಕು ಇಲ್ಲವೇ ಇಲ್ಲ ಅಂತ ಅಲ್ಲ. ಅನುಮಾನ ಇದ್ದರೆ ಕಲ್ಚರಿಗೆ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಲೇಬೇಕು.

ಇಂಡಿ ಕಡೆಯ ಆ ಹುಡುಗಿಯ ಪಟ್ಟಿ ಗುಲಾಬಿಯಾಯಿತು, ಅಂದರೆ ಸೋಂಕಿನ ಗುರುತು. ಡಾಕ್ಟರ್ ಒಂದು ವಾರದ ಗುಳಿಗೆ ಬರೆದರು. ಆಗ ಅತ್ತೆ ಶುರು ಮಾಡಿದಳು: ‘ಬಸುರಿ ಇದ್ದಾಗ ಇಷ್ಟ್ ಗುಳಿಗಿ ನುಂಗಿದ್ರ ಕೂಸಿಗೆ ಕಾವು ಆಗಂಗಿಲ್ಲೇನ್ರಿ?’ ನಾನು ವಾದಕ್ಕೆ ಇಳಿಯಲಿಲ್ಲ. ‘ಅವ್ವಾರ, ದಿನಾ ರಾತ್ರಿ ನೀವೇ ಕೈಯಾರೆ ಕೊಡ್ರಿ, ಗುಳಿಗಿ ಖಾಲಿ ಚೀಟಿ ನನಗ ತಂದು ತೋರಸ್ರಿ’ ಅಂದೆ. ಕೆಲಸ ತನ್ನ ಕೈಗೆ ಬಂದ ಮೇಲೆ ಅತ್ತೆಯ ಅನುಮಾನ ಅರ್ಧ ಇಳಿಯಿತು. ಚೀಟಿ ತಂದಳು. ಮೂತ್ರ ಮತ್ತೆ ನೋಡಿದೆವು, ಬಣ್ಣ ಬರಲಿಲ್ಲ.

ಹೆರಿಗೆಯ ಹೊತ್ತಿನಲ್ಲಿ ಮುಖ್ಯವಾದದ್ದು ಬೇರೆ ಪ್ರಶ್ನೆ: ನೀರು ಒಡೆದದ್ದು ಯಾವಾಗ? ‘ಆಗಲೇ ರೀ’ ಅನ್ನುತ್ತಾರೆ. ‘ಎಮ್ಮಿ ಹಿಂಡೂ ಹೊತ್ತಿಗೆ’ ಅಂತ ಬಾಯಿ ಬಿಡಿಸಿದ ಮೇಲೆ ಅದು ನಿನ್ನೆ ಸಂಜೆಯ ಎಮ್ಮೆ ಅಂತ ಗೊತ್ತಾಗುತ್ತದೆ! ನಾನು ಅದನ್ನು ಗಡಿಯಾರಕ್ಕೆ ಇಳಿಸಿ ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ನೀರು ಒಡೆದು 18 ತಾಸು ದಾಟಿದ್ದರೆ, ತಾಯಿಗೆ ಜ್ವರ ಇದ್ದರೆ, ನೀರಿಗೆ ಕೆಟ್ಟ ವಾಸನೆ ಇದ್ದರೆ, ಕೂಸು ಹುಟ್ಟುವ ಮೊದಲೇ ಅಪಾಯದ ಪಟ್ಟಿಗೆ ಸೇರಿತು ಅಂತ ಅರ್ಥ. ಅಂಥ ಒಂದು ಕೂಸು ಮೊದಲೆರಡು ದಿನ ಚೆನ್ನಾಗಿಯೇ ಇತ್ತು. ಮೂರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಕೂಸು ಮೊಲೆ ಹಿಡಿಯುತ್ತಿರಲಿಲ್ಲ, ಕೈಕಾಲು ತಣ್ಣಗಿತ್ತು. ‘ಶಾಂತ ಕೂಸು, ಅಳೂದ ಇಲ್ಲ’ ಅಂತ ಮನೆಯವರು ಖುಷಿಯಲ್ಲಿದ್ದರು. ಆಶಾ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. 60ರ ಮೇಲಿತ್ತು, ಎದೆಗೂಡು ಒಳಗೆ ಎಳೆಯುತ್ತಿತ್ತು. ಕಾರ್ಡಿನ ಕೆಂಪು ಬರಹ ನೋಡಿ ತಕ್ಷಣ ಫೋನ್ ಮಾಡಿದಳು. ಡಾಕ್ಟರ್ ಹೇಳಿದಂತೆ ಜೆಂಟಾಮೈಸಿನ್ ಅನ್ನುವ ಆಂಟಿಬಯೋಟಿಕ್‌ನ ಮೊದಲ ಡೋಸ್ ಚುಚ್ಚಿ, ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗೆ ಕಳಿಸಿದೆವು. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿದ್ದು ಕೂಸು ಮನೆಗೆ ಬಂತು.

‘ಹೆರಿಗೆ ನೋವಿನಾಗ ಅಜಿಥ್ರೋಮೈಸಿನ್ ಕೊಟ್ರ ಎಲ್ಲಾ ಸರಿ ಆಗ್ತೈತಂತಲ್ಲ’ ಅಂತ ಕೆಲವರು ಕೇಳುತ್ತಾರೆ. ಈ ಆಂಟಿಬಯೋಟಿಕ್ ಬಗ್ಗೆ ಏಳು ದೇಶಗಳಲ್ಲಿ ಒಂದು ಅಧ್ಯಯನ ನಡೆಯಿತು, ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು. 29 ಸಾವಿರಕ್ಕೂ ಜಾಸ್ತಿ ತಾಯಂದಿರು. 2023ರಲ್ಲಿ ಫಲಿತಾಂಶ ಬಂತು. 2 ಗ್ರಾಂ ಗುಳಿಗೆ ಒಮ್ಮೆ ಕೊಟ್ಟಾಗ ತಾಯಂದಿರಲ್ಲಿ ಮೈಗೆಲ್ಲ ಏರುವ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿದಿದೆ. ಕೂಸುಗಳ ವಿಷಯದಲ್ಲಿ ಮಾತ್ರ ಏನೂ ವ್ಯತ್ಯಾಸ ಆಗಿಲ್ಲ: ಹೊಟ್ಟೆಯಲ್ಲೇ ಸಾವು, ಹುಟ್ಟಿದ ಮೇಲೆ ಸಾವು ಅಥವಾ ನಂಜು ಸೇರಿ ಗುಳಿಗೆ ಕೊಟ್ಟಲ್ಲಿ 10.5, ಕೊಡದಲ್ಲಿ 10.3. ತಾಯಿಗೆ ಅದು ದೊಡ್ಡ ಲಾಭವೇ. ಕೂಸಿಗಾಗಿ ಮಾತ್ರ ನಾವು ಬಸಿರಿನ ತಿಂಗಳುಗಳಲ್ಲೇ ಕೆಲಸ ಮಾಡಬೇಕು, ಹೆರಿಗೆಯಲ್ಲಿ ಕೈ ತೊಳೆಯಬೇಕು, ಹೊಕ್ಕುಳಿಗೆ ಬೂದಿ ಎಣ್ಣೆ ಹಚ್ಚದಂತೆ ನೋಡಿಕೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ.

ರಕ್ತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ಇದ್ದರೆ ಪೆನ್ಸಿಲಿನ್ ಇಂಜೆಕ್ಷನ್ ಹೆರಿಗೆಗೆ 30 ದಿನ ಮೊದಲೇ ಆಗಿರಬೇಕು, ಗಂಡನಿಗೂ ಚಿಕಿತ್ಸೆ ಬೇಕು. ಹೆಪಟೈಟಿಸ್ ಬಿ ಲಸಿಕೆ ಪ್ರತಿ ಕೂಸಿಗೂ 24 ತಾಸಿನೊಳಗೆ. ಚೊಚ್ಚಲ ಬಸುರಿ ಕುಬಸ (ಸೀಮಂತ) ಮುಗಿಸಿ ತವರಿಗೆ ಹೊರಟಾಗ ಕಾರ್ಡನ್ನು ಗಂಡನ ಮನೆಯ ಟ್ರಂಕಿನಲ್ಲೇ ಬಿಟ್ಟು ಹೋಗುತ್ತಾಳೆ, ಮಾಡಿದ ಪರೀಕ್ಷೆಯೆಲ್ಲ ದಂಡ. ಹಾಗಾಗಿ ಕಾರ್ಡಿನ ಫೋಟೋ ಅವಳ ಅಣ್ಣನ ಫೋನಿಗೂ ಕಳಿಸುತ್ತೇವೆ.

ಗ್ಯಾಂಗಿನವರಿಗೆ ಬೇರೆ ದಾರಿ. ಹಗಲು ಹೋದರೆ ಗುಡಿಸಲಲ್ಲಿ ಮುದುಕಿಯರು ಬಿಟ್ಟರೆ ಯಾರೂ ಸಿಗುವುದಿಲ್ಲ, ರಾತ್ರಿ ಅಡುಗೆ ಹೊತ್ತಿಗೇ ಹೋಗಬೇಕು. ಗಂಡಂದಿರು ಸಿಮ್ ಬದಲಿಸುತ್ತಲೇ ಇರುತ್ತಾರೆ, ಅದಕ್ಕೆ ಗ್ಯಾಂಗಿನ ಮುಖಂಡ ಮುಕಾದಮನ ನಂಬರ್ ಬರೆದುಕೊಳ್ಳುತ್ತೇವೆ. ಹೊಲದ ಮಾಲೀಕರಿಗೆ ನಾನು ಕೇಳುವುದು ಬದುವಿನ ಮೇಲೆ ನಾಲ್ಕು ಗೂಟ ನೆಟ್ಟು ಹಳೆ ಸೀರೆ ಸುತ್ತಿದ ಒಂದು ಮರೆ ಮತ್ತು ಒಂದು ಕೊಡ ನೀರು. ಕೆಲವರು ಮಾಡಿಕೊಟ್ಟಿದ್ದಾರೆ. ಕೆಲವರು ‘ನೋಡೂಣ್ರಿ’ ಅಂದಿದ್ದಾರೆ, ಅವರ ಹೊಲಕ್ಕೆ ಈ ಸೀಸನ್‌ನಲ್ಲಿ ಮತ್ತೆ ಹೋಗಬೇಕು.